ಪೈಲಟ್ ಬೊಂಬೆಯ ಮೂರು ವಯಸ್ಸು

ಹಳೆಯ ಆಟಿಕೆಗಳ ಮೌಲ್ಯಮಾಪನ ಮತ್ತು ಸಂರಕ್ಷಣೆ ನನ್ನ ವೃತ್ತಿ. ಯುದ್ಧಕಾಲದ ವಿಮಾನ ಚಾಲಕರ ಪುಟ್ಟ ಬೊಂಬೆಗಳ ಫೋಟೋಗಳನ್ನು ಜನರು ಆಗಾಗ ಕಳಿಸುತ್ತಿರುತ್ತಾರೆ. ಅವುಗಳ ಜೊತೆಗೆ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇದು ಎರಡನೇ ಮಹಾಯುದ್ಧದ್ದೇ? ನೋಡಲು ಸರಳವಾದ ಈ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಬೊಂಬೆ ತೊಟ್ಟಿರುವ ಉಡುಪು ಯಾವ ಕಾಲದ್ದು, ಅದನ್ನು ಎರಕ ಹೊಯ್ದದ್ದು ಯಾವಾಗ, ಈಗ ಮೈಮೇಲಿರುವ ಬಣ್ಣ ಬಳಿದದ್ದು ಯಾವಾಗ ಎಂಬ ಮೂರಕ್ಕೂ ಬೇರೆ ಬೇರೆ ಉತ್ತರ ಇರಬಹುದು. ಮಾರುಕಟ್ಟೆಯ ಮೋಸವೂ ಮಾಲೀಕರ ಭ್ರಮೆಯೂ ಹುಟ್ಟುವುದು ಈ ಮೂರನ್ನು ಒಂದೆಂದು ತಿಳಿಯುವುದರಿಂದಲೇ.

ಮೊದಲಿಗೆ ಒಂದು ಸಂಗತಿ ಸ್ಪಷ್ಟವಿರಲಿ. ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲೇ ತಯಾರಾದ ಲೋಹದ ಪೈಲಟ್ ಬೊಂಬೆಗಳು ಕಡಿಮೆ. ಬ್ರಿಟನ್ನಿನಲ್ಲಿ ಯುದ್ಧ ಬಿಗಿಯಾದಂತೆ ಆಟಿಕೆ ಕಾರ್ಖಾನೆಗಳು ಯುದ್ಧಸಾಮಗ್ರಿಯ ಕೆಲಸಕ್ಕೆ ತಿರುಗಿದವು. ಅಮೆರಿಕದಲ್ಲಿಯೂ 1942ರ ಹೊತ್ತಿಗೆ ಸೀಸ ಮತ್ತು ತವರವನ್ನು ಆಟಿಕೆಗೆ ಬಳಸುವುದು ನಿಂತಿತು. ಹೀಗಾಗಿ ನಮ್ಮ ಕೈಗೆ ಸಿಗುವವುಗಳಲ್ಲಿ ಹೆಚ್ಚಿನವು ಒಂದೋ 1930ರ ದಶಕದ ಕೊನೆಯ ಭಾಗದವು, ಇಲ್ಲವೇ 1945ರ ನಂತರ ಹಳೆಯ ಅಚ್ಚುಗಳನ್ನೇ ಮತ್ತೆ ಹೊರತೆಗೆದು ಹೊಯ್ದವು. ಎರಡನೆಯ ಗುಂಪಿನ ಬೊಂಬೆ ನಕಲಿಯಲ್ಲ, ಆದರೆ ಯುದ್ಧಕಾಲದ್ದೂ ಅಲ್ಲ.

ನಾನು ಮೊದಲು ನೋಡುವುದು ಮುಖವನ್ನಲ್ಲ, ಕೈಗೆ ಸಿಗುವ ತೂಕವನ್ನು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ (ಸಂಗ್ರಾಹಕರ ಮಾತಿನಲ್ಲಿ ಬ್ರಿಟನ್ಸ್) ರೂಢಿಗೆ ತಂದ ಟೊಳ್ಳು ಎರಕದ ವಿಧಾನವೇ ಇಂಗ್ಲಿಷ್ ಬೊಂಬೆಗಳನ್ನು ಗುರುತಿಸುವ ದೊಡ್ಡ ಸುಳಿವು. ಸೀಸ, ತವರ, ಆಂಟಿಮನಿಗಳ ಕರಗಿದ ಮಿಶ್ರಣವನ್ನು ಲೋಹದ ಅಚ್ಚಿಗೆ ಸುರಿದಾಗ ಅಚ್ಚಿನ ಗೋಡೆಗೆ ತಾಗಿದ ಪದರ ಮೊದಲು ಗಟ್ಟಿಯಾಗುತ್ತದೆ, ಕಾವಲಿಯ ಮೇಲೆ ದೋಸೆಯ ಅಂಚು ಮೊದಲು ಬೇಯುವ ಹಾಗೆ. ಕೂಡಲೇ ಅಚ್ಚನ್ನು ಬೋರಲು ಹಾಕಿ ನಡುವಿನ ದ್ರವವನ್ನು ಹೊರಕ್ಕೆ ಸುರಿದರೆ ತೆಳುವಾದ ಚಿಪ್ಪಷ್ಟೇ ಉಳಿಯುತ್ತದೆ. ಲೋಹ ಉಳಿಯಿತು, ಬೆಲೆ ಇಳಿಯಿತು, ಜರ್ಮನಿಯ ಘನ ಬೊಂಬೆಗಳಿಗೆ ಇಂಗ್ಲೆಂಡಿನಲ್ಲಿ ಪೈಪೋಟಿ ಸಿಕ್ಕಿತು. ಈ ವಿಧಾನ ಬೊಂಬೆಯ ಮೇಲೆ ಒಂದು ಗುರುತನ್ನು ಬಿಟ್ಟೇ ಹೋಗುತ್ತದೆ: ನೆತ್ತಿಯ ಮೇಲೋ ಪೀಠದ ಅಡಿಯಲ್ಲೋ ಎಲ್ಲಾದರೂ ಒಂದು ಪುಟ್ಟ ರಂಧ್ರ ಇರಲೇಬೇಕು. ಸುಮಾರು 54 ಮಿಲಿಮೀಟರ್ ಎತ್ತರದ, ಅಂಥ ರಂಧ್ರವಿರುವ, ನೋಟಕ್ಕಿಂತ ಹಗುರವಾಗಿ ತೋರುವ ಪೈಲಟ್ ಕೈಗೆ ಬಂದರೆ ಅದು ಬ್ರಿಟನ್ಸ್, ಜಾನ್ ಹಿಲ್, ಕ್ರೆಸೆಂಟ್, ಚಾರ್ಬೆನ್ಸ್, ಟಿಂಪೋ ಮುಂತಾದ ಇಂಗ್ಲಿಷ್ ತಯಾರಕರಲ್ಲಿ ಒಬ್ಬರದಾಗಿರುವ ಸಾಧ್ಯತೆ ಬಲವಾಗಿದೆ. ಬ್ರಿಟನ್ಸ್ ಸಂಸ್ಥೆ ಸೀಸದ ಬೊಂಬೆಗಳನ್ನು 1966ರಲ್ಲಿ ನಿಲ್ಲಿಸಿದ್ದರಿಂದ ಅದು ಅವರ ಬೊಂಬೆಗಳ ಕಾಲದ ಮೇಲ್ಮಿತಿಯೂ ಆಗುತ್ತದೆ.

ಅಮೆರಿಕದ ಬೊಂಬೆಗಳು ಇವಕ್ಕಿಂತ ದೊಡ್ಡವು. ವೂಲ್‌ವರ್ತ್‌ನಂಥ ಅಗ್ಗದ ಅಂಗಡಿಗಳಲ್ಲಿ ಬಿಡಿಯಾಗಿ ಮಾರಾಟವಾಗುತ್ತಿದ್ದ ಬಾರ್ಕ್ಲೇ ಮತ್ತು ಮನೋಯಿಲ್ ಕಂಪನಿಗಳ ಬೊಂಬೆಗಳು ಸುಮಾರು ಮೂರೂಕಾಲು ಇಂಚು ಎತ್ತರವಿದ್ದು, ರೂಪದಲ್ಲಿ ಸ್ವಲ್ಪ ದಪ್ಪ, ಸ್ವಲ್ಪ ವ್ಯಂಗ್ಯಚಿತ್ರದ ಗುಣದವು. ನನಗೆ ವೈಯಕ್ತಿಕವಾಗಿ ಇವುಗಳ ಒರಟುತನವೇ ಇಷ್ಟ. ಗ್ರೇ ಐರನ್ ಕಂಪನಿಯವು ಎರಕದ ಕಬ್ಬಿಣದವಾದ್ದರಿಂದ ಅಯಸ್ಕಾಂತ ಅಂಟಿದರೆ ಚರ್ಚೆ ಮುಗಿಯಿತು. ಫ್ರಾನ್ಸಿನ ಕಿರಾಲು ಬೊಂಬೆಗಳು ಅಲ್ಯೂಮಿನಿಯಮಿನವು. ಪ್ಲಾಸ್ಟಿಕ್ಕಿನ ಪೈಲಟ್‌ಗಳು ಹೆಚ್ಚಾಗಿ ಯುದ್ಧಾನಂತರದವು.

ಜರ್ಮನಿಯ ದಾರಿ ಪೂರ್ತಿ ಬೇರೆ. ಹೌಸರ್ ಕುಟುಂಬದ ಎಲಾಸ್ಟೊಲಿನ್ ಮತ್ತು ಬ್ರಾಂಡೆನ್‌ಬರ್ಗಿನ ಲಿನಿಯೋಲ್, ಇವೆರಡೂ ಮರದ ಹೊಟ್ಟು, ಜೇಡಿ ಹಾಗೂ ಅಂಟನ್ನು ಕಲಸಿದ ಹಿಟ್ಟನ್ನು ತಂತಿಯ ಎಲುಬಿನ ಸುತ್ತ ಅಚ್ಚೊತ್ತಿ ಸುಮಾರು ಏಳರಿಂದ ಏಳೂವರೆ ಸೆಂಟಿಮೀಟರ್ ಎತ್ತರದ ಬೊಂಬೆಗಳನ್ನು ಮಾಡುತ್ತಿದ್ದವು. ಇವು ಬೆಚ್ಚಗಿನ ಸ್ಪರ್ಶದವು. ಲೋಹದ ತಣುಪು ಇರುವುದಿಲ್ಲ. ಒಳಗಿನ ತಂತಿ ತುಕ್ಕು ಹಿಡಿದು ಉಬ್ಬಿದಾಗ ಮೊಣಕಾಲು, ಕಣಕಾಲು, ಮುಂಗೈಗಳಲ್ಲಿ ಉದ್ದುದ್ದ ಬಿರುಕು ಬೀಳುತ್ತದೆ. ಬಿರುಕು ವಯಸ್ಸಿನ ಲಕ್ಷಣವೇ ಹೊರತು ದೋಷದ ಲಕ್ಷಣವಲ್ಲ, ಆದ್ದರಿಂದ ಒಂದೂ ಬಿರುಕಿಲ್ಲದ, ಹೊಳೆಯುವ ಎಲಾಸ್ಟೊಲಿನ್ ಪೈಲಟ್ ಕಂಡರೆ ನಾನು ಸಂತೋಷಪಡುವ ಮೊದಲು ಸಂಶಯಪಡುತ್ತೇನೆ.

ಇನ್ನು ಪೀಠದ ಅಡಿಯ ಬರಹ. ತಯಾರಕರ ಹೆಸರಿಗಿಂತ ದೇಶದ ಹೆಸರು ಹೆಚ್ಚು ಉಪಯುಕ್ತ. ಜರ್ಮನಿಯ ವಸ್ತುವಿನ ಮೇಲೆ ಅಮೆರಿಕನ್ ವಲಯವೆಂದಿದ್ದರೆ ಅದು 1945ರ ನಂತರ ಅಲ್ಲಿದ್ದ ಅಮೆರಿಕನ್ ಸೇನಾ ಆಡಳಿತದ ಕಾಲದ್ದು. ಪಶ್ಚಿಮ ಜರ್ಮನಿ ಎಂದಿದ್ದರೆ 1949ರ ಆಚಿನದು. ಆಕ್ರಮಿತ ಜಪಾನ್ ಎಂಬ ಮುದ್ರೆ 1952ರಲ್ಲಿ ಮುಗಿಯುತ್ತದೆ. ಹಾಂಗ್‌ಕಾಂಗ್ ಅಥವಾ ಚೀನಾ ಎಂದು ಕಂಡರೆ ಬೊಂಬೆ ಎರಡನೇ ಯುದ್ಧದ ಬ್ರಿಟಿಷ್ ಫೈಟರ್ ವಿಮಾನ ಸ್ಪಿಟ್‌ಫೈರ್‌ನ ಚಾಲಕನದ್ದಾದರೂ ವಸ್ತು ಯುದ್ಧಾನಂತರದ್ದು. ಕಿಂಗ್ ಆ್ಯಂಡ್ ಕಂಟ್ರಿಯಂಥ ಇಂದಿನ ಸಂಸ್ಥೆಗಳು ಬಹಳ ಸುಂದರವಾದ ಪೈಲಟ್‌ಗಳನ್ನು ಮಾಡುತ್ತವೆ. ಡೆಲ್ ಪ್ರಾಡೊದ ಬೊಂಬೆಗಳು ಪತ್ರಿಕೆಯ ಸಂಚಿಕೆಗಳ ಜೊತೆ ಮಾರಾಟವಾದವು. ಪೀಠದ ಹೆಸರನ್ನು ಅರದಿಂದ ಉಜ್ಜಿ ತೆಗೆದು ಇವನ್ನು ಹಳೆಯವೆಂದು ದಾಟಿಸುವವರಿದ್ದಾರೆ, ಹಾಗಾಗಿ ಬರಹವಿಲ್ಲದ ಪೀಠದ ಮೇಲೆ ಓರೆಬೆಳಕು ಬಿಟ್ಟು ಅರದ ಗೀರುಗಳನ್ನು ಹುಡುಕುವುದು ನನ್ನ ಅಭ್ಯಾಸ.

ಉಡುಪಿನ ಓದು ಇದೆಲ್ಲಕ್ಕಿಂತ ರಸವತ್ತಾದದ್ದು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧವಿಮಾನದ ಚಾಲಕರಿಗೆ ಪ್ಯಾರಾಚೂಟ್ ಕೊಟ್ಟಿರಲಿಲ್ಲ. ಅದು ದೊರೆಯುತ್ತಿದ್ದದ್ದು ವೀಕ್ಷಣಾ ಬಲೂನಿನಲ್ಲಿ ಕೂರುವವರಿಗೆ. ಆದ್ದರಿಂದ ತೊಡೆಸಂದಿಯಿಂದ ಭುಜದವರೆಗೆ ಪಟ್ಟಿಗಳನ್ನು ಬಿಗಿದ ಇಂಗ್ಲಿಷ್ ಪೈಲಟ್ 1914-18ರವನಾಗಲಾರ. ಪಟ್ಟಿಗಳ ಜೊತೆ ಪೃಷ್ಠದ ಕೆಳಗೆ ಜೋತುಬಿದ್ದ ದಪ್ಪ ಚೀಲ ಕಂಡರೆ ಅದು ಆಸನದ ಪ್ಯಾರಾಚೂಟ್, ಅಂದರೆ ಬಹುಶಃ ಫೈಟರ್ ವಿಮಾನದವನು. ಎದೆಯ ಮೇಲೆ ಎರಡು ಕೊಂಡಿಗಳಷ್ಟೇ ಇದ್ದು ಚೀಲ ಇಲ್ಲದಿದ್ದರೆ ಬಾಂಬರ್ ವಿಮಾನದ ಸಿಬ್ಬಂದಿ, ಏಕೆಂದರೆ ಅವರು ಪ್ಯಾರಾಚೂಟನ್ನು ಬೇರೆಡೆ ಇಟ್ಟು ಬೇಕಾದಾಗ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಇಡೀ ಮೈ ಮುಚ್ಚುವ ಉಬ್ಬಿದ ಸಿಡ್‌ಕಾಟ್ ಸೂಟ್ ಮಾತ್ರ ಕಾಲನಿರ್ಣಯಕ್ಕೆ ನೆರವಾಗದು. ಆಸ್ಟ್ರೇಲಿಯಾದ ಚಾಲಕ ಸಿಡ್ನಿ ಕಾಟನ್ 1917ರಲ್ಲಿ ರೂಪಿಸಿದ ಅದು ಎರಡನೇ ಯುದ್ಧದಲ್ಲೂ ಬಳಕೆಯಲ್ಲಿತ್ತು. ಕುರಿಚರ್ಮದ ದೊಡ್ಡ ಕಾಲರಿನ ಇರ್ವಿನ್ ಜಾಕೆಟ್ ಇದ್ದರೆ ಉಡುಪು 1930ರ ದಶಕದ್ದು ಅಥವಾ ಅದರ ನಂತರದ್ದು. ಎದೆಯ ಮೇಲೆ ಉಬ್ಬಿದ ಹಳದಿ ಲೈಫ್ ಜಾಕೆಟ್, ಅಂದರೆ ಚಾಲಕರು ತಮಾಷೆಗೆ ನಟಿ ಮೇ ವೆಸ್ಟ್ ಹೆಸರಿನಿಂದ ಕರೆಯುತ್ತಿದ್ದದ್ದು, ಇದ್ದರೆ ಬೊಂಬೆಯ ವೇಷ ಎರಡನೇ ಮಹಾಯುದ್ಧದ್ದೇ ಎನ್ನಬಹುದು. ಬ್ರಿಟಿಷ್ ವಾಯುಪಡೆಯ ಇಂದಿಗೂ ಗುರುತಾದ ಬೂದುನೀಲಿ ಸಮವಸ್ತ್ರ ಬಂದದ್ದು 1919ರಲ್ಲಿ. ಅದಕ್ಕೂ ಹಿಂದಿನ ರಾಯಲ್ ಫ್ಲೈಯಿಂಗ್ ಕೋರ್‌ನವರು ಖಾಕಿ ಬಣ್ಣದ, ಎದೆಗೆ ಅಡ್ಡಲಾಗಿ ಮುಚ್ಚಿಕೊಳ್ಳುವ ಅಂಗಿ ತೊಡುತ್ತಿದ್ದರು.

ಜರ್ಮನ್ ವಾಯುಪಡೆಯ ಅಸ್ತಿತ್ವವನ್ನು ಜಗತ್ತಿಗೆ ಬಹಿರಂಗಪಡಿಸಿದ್ದು 1935ರ ಮಾರ್ಚಿನಲ್ಲಿ, ಹಾಗಾಗಿ ಅದರ ನೀಲಿಬೂದು ಸಮವಸ್ತ್ರದ ಎಲಾಸ್ಟೊಲಿನ್ ಪೈಲಟ್ ಬಹುಮಟ್ಟಿಗೆ ಆ ವರ್ಷದ್ದು ಅಥವಾ ಅದರ ನಂತರದ್ದು. ಲೈಫ್ ಜಾಕೆಟ್ಟಿನ ಮೇಲೆ ಕಪೋಕ್ ಹತ್ತಿ ತುಂಬಿದ ಉಬ್ಬುಸಾಲುಗಳು ಕಂಡರೆ, ಅಥವಾ ಬೂಟಿನ ಮೇಲ್ಭಾಗದ ಸುತ್ತ ಸಂಕೇತದ ಬೆಳಕಿನ ತೋಟಾಗಳ ಪಟ್ಟಿ ಕಂಡರೆ ಅವನು ಜರ್ಮನ್. ಎದೆಯ ಹದ್ದಿನ ಕೆಳಗೆ ಬಣ್ಣ ಕೆರೆದ ಗುರುತಿದ್ದರೆ ಅದನ್ನು ಹಾನಿಯೆಂದು ತಳ್ಳಿಹಾಕಬೇಡಿ. ಸೋಲಿನ ನಂತರ ಮನೆಯವರೇ ಸ್ವಸ್ತಿಕವನ್ನು ಕೆರೆದು ಬೊಂಬೆಯನ್ನು ಉಳಿಸಿಕೊಂಡಿರಬಹುದು. ಅಮೆರಿಕದವನನ್ನು ಸೊಂಟದವರೆಗಿನ ಕಂದು ಚರ್ಮದ ಎ-2 ಜಾಕೆಟ್ ಹೇಳಿಬಿಡುತ್ತದೆ, ಅದು 1931ರದ್ದು.

ಒಂದು ಬೊಂಬೆ ಮಾತ್ರ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ತಲೆಯಿಂದ ಕಾಲಿನವರೆಗೆ ಬೆಳ್ಳಗಿನ ದೊಗಲೆ ಉಡುಪು, ಮುಖಕ್ಕೆ ಕಿಟಕಿಯಂಥ ಕನ್ನಡಿ. ಇದನ್ನು ಗಗನಯಾತ್ರಿಯೆಂದೂ ಎತ್ತರದ ಹಾರಾಟದ ಪೈಲಟ್ ಎಂದೂ ಮಾರುವುದನ್ನು ಕಂಡಿದ್ದೇನೆ. ಅದು ಬ್ರಿಟನ್ಸ್ ಮಾಡಿದ, ಕಲ್ನಾರಿನ ಉಡುಪು ತೊಟ್ಟ ವಾಯುಪಡೆಯ ಅಗ್ನಿಶಾಮಕ.

ಬಣ್ಣ ಮತ್ತು ಮರುಎರಕದ ವಿಷಯಕ್ಕೆ ಬರೋಣ. ಈ ಸಾಲುಗಳನ್ನು ಬರೆಯುವಾಗ ಮೇಜಿನ ಮೇಲಿರುವ ಬೊಂಬೆಯೊಂದನ್ನು ಹತ್ತುಪಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಹೆಲ್ಮೆಟ್ಟಿನ ಅಂಚಿನಲ್ಲಿ ಕಂದು ಬಣ್ಣ ಸವೆದು ಬೂದಿ ಬಣ್ಣದ ಲೋಹ ಕಾಣುತ್ತದೆ, ಮೂಗಿನ ತುದಿ ಮತ್ತು ಮೊಣಕೈಗಳಲ್ಲೂ ಹಾಗೆಯೇ. ಮಕ್ಕಳ ಬೆರಳು ತಾಗುವ, ಪೆಟ್ಟಿಗೆಯೊಳಗೆ ಪಕ್ಕದ ಬೊಂಬೆಗೆ ಉಜ್ಜುವ ಜಾಗಗಳು ಇವು. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಕತ್ತಿನ ಸುತ್ತ ಬಣ್ಣದ ಒಂದು ತೆಳು ಉಂಗುರ ದಪ್ಪಗಿದೆ, ಅದರ ಹೊಳಪು ಉಳಿದ ಮೈಯ ಹೊಳಪಿಗೆ ಹೊಂದುವುದಿಲ್ಲ. ತಲೆ ಮುರಿದಿತ್ತು, ಯಾರೋ ಟೊಳ್ಳಿನೊಳಗೆ ಬೆಂಕಿಕಡ್ಡಿ ತೂರಿಸಿ ಅದನ್ನು ಮತ್ತೆ ಕೂರಿಸಿದ್ದಾರೆ. ಟೊಳ್ಳು ಬೊಂಬೆಗಳಿಗೆ ಇದು ಮನೆಮನೆಯ ಹಳೆಯ ದುರಸ್ತಿ, ಅದನ್ನು ನಾನು ದೋಷವೆಂದಲ್ಲ, ಚರಿತ್ರೆಯೆಂದೇ ವರದಿಯಲ್ಲಿ ಬರೆಯುತ್ತೇನೆ. ಸವೆತ ತಗ್ಗುಗಳಲ್ಲಿಯೂ ಉಬ್ಬುಗಳಲ್ಲಿಯೂ ಒಂದೇ ಸಮನಾಗಿದ್ದರೆ ಮಾತ್ರ ಅದು ಸವೆತವಲ್ಲ, ಸ್ಯಾಂಡ್‌ಪೇಪರ್.

ಮೂಲ ಬೊಂಬೆಯಿಂದ ರಬ್ಬರ್ ಅಚ್ಚು ತೆಗೆದು ಹೊಯ್ದ ಮರುಎರಕಗಳು ಸಾಮಾನ್ಯವಾಗಿ ಘನವಾಗಿ, ಭಾರವಾಗಿ ಇರುತ್ತವೆ. ಲೋಹ ತಣಿಯುವಾಗ ಕುಗ್ಗುವುದರಿಂದ ಅಳತೆಯೂ ಕೊಂಚ ಕಿರಿದಾಗುತ್ತದೆ. ಕ್ಯಾಲಿಪರ್‌ನಿಂದ ಪೀಠದ ಉದ್ದವನ್ನು ಅಳೆದು ಖಚಿತವಾದ ಮೂಲದ ಅಳತೆಯೊಂದಿಗೆ ಹೋಲಿಸಿದರೆ ಈ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಪೀಠದ ಅಕ್ಷರಗಳು ಮಂಕಾಗಿ, ಅಂಚು ಕರಗಿದಂತೆ ಕಾಣುವುದು ಇನ್ನೊಂದು ಗುರುತು. ಪೆಟ್ಟಿಗೆಯನ್ನು ಅತಿನೇರಳೆ ದೀಪದಡಿ ಹಿಡಿಯಿರಿ: ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು 1950ರ ಸುಮಾರಿನಿಂದ ವ್ಯಾಪಕವಾದ್ದರಿಂದ, ಯುದ್ಧಪೂರ್ವದ್ದೆನ್ನುವ ಲೇಬಲ್ ಪ್ರಖರ ನೀಲಿಯಾಗಿ ಹೊಳೆದರೆ ಅದು ಹೊಸ ಮುದ್ರಣ.

ಪೇಟ ಧರಿಸಿದ ಪೈಲಟ್ ಬೊಂಬೆಗಳ ಬಗ್ಗೆ ನಮ್ಮಲ್ಲಿ ಸಹಜವಾಗಿಯೇ ಆಸಕ್ತಿ ಹೆಚ್ಚು. ಅದರ ಹಿಂದಿನ ಚರಿತ್ರೆ ನಿಜ: ಹರ್ದಿತ್ ಸಿಂಗ್ ಮಲಿಕ್ ಮೊದಲನೇ ಯುದ್ಧದಲ್ಲಿ ಪೇಟದ ಮೇಲೆಯೇ ವಿಶೇಷವಾಗಿ ಮಾಡಿಸಿದ ದೊಡ್ಡ ಹೆಲ್ಮೆಟ್ ಧರಿಸಿ ಹಾರಿದರು, ಮಹಿಂದರ್ ಸಿಂಗ್ ಪುಜ್ಜಿ ಎರಡನೇ ಯುದ್ಧದಲ್ಲಿ ಪೇಟದೊಂದಿಗೇ ಹಾರಿದರು. ಆದರೆ ಚಾಲಕರು ಇದ್ದರೆಂಬುದು ಬೊಂಬೆಯ ವಯಸ್ಸನ್ನು ಹೇಳುವುದಿಲ್ಲ. ಭಾರತೀಯ ಕಾಲಾಳುಗಳ ಹಳೆಯ ಬೊಂಬೆಗಳಿಂದ ಪೇಟದ ತಲೆಯನ್ನು ಕಳಚಿ ಪೈಲಟ್ ಮೈಗೆ ಜೋಡಿಸುವುದು ಸುಲಭದ ಕೆಲಸವಾದ್ದರಿಂದ, ಇಂಥದ್ದು ಬಂದಾಗ ನಾನು ಕತ್ತನ್ನು ಇನ್ನಷ್ಟು ಹೊತ್ತು ನೋಡುತ್ತೇನೆ. ಹಾಗೆಯೇ, 1943ರ ನಂತರ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕನ್ ವಾಯುಪಡೆಯ ದುರಸ್ತಿ ಕೆಲಸ ನಡೆದದ್ದು ದಾಖಲಾದ ಸಂಗತಿ. ಅಲ್ಲಿನ ಸೈನಿಕನೊಬ್ಬ ಅಜ್ಜನಿಗೆ ಕೊಟ್ಟ ಬೊಂಬೆ ಎಂಬ ಕಥೆ ಅಸಾಧ್ಯವಲ್ಲ, ಆದರೆ ಆ ಬೊಂಬೆಯ ಪೀಠದಡಿ ಹಾಂಗ್‌ಕಾಂಗ್ ಎಂದಿದ್ದರೆ ಕಥೆ ಬೇರೆ ಬೊಂಬೆಯದು.

ಸಿಕ್ಕಿದ ಬೊಂಬೆಯನ್ನು ತೊಳೆಯಬೇಡಿ, ಮೇಣ ಹಚ್ಚಬೇಡಿ, ಬಣ್ಣ ತುಂಬಿಸಬೇಡಿ. ಮೂಲ ಬಣ್ಣದ ಅರ್ಧ ಉಳಿದ ಬೊಂಬೆ ಪೂರ್ತಿ ಮರುಬಣ್ಣ ಕಂಡದ್ದಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ. ಸೀಸದ ಮೇಲೆ ಬಿಳಿ ಪುಡಿ ಕಾಣಿಸಿದರೆ ಅದು ಆಮ್ಲದ ಆವಿಯಿಂದಾದ ಕೊಳೆತ. ಓಕ್ ಮರ, ಪಾರ್ಟಿಕಲ್ ಬೋರ್ಡ್, ಅಗ್ಗದ ರಟ್ಟಿನ ಪೆಟ್ಟಿಗೆ ಇವುಗಳಿಂದ ಅಸೆಟಿಕ್ ಆಮ್ಲ ಹೊಮ್ಮುತ್ತದೆ, ಗಾಳಿಯಾಡದ ಕಪಾಟಿನಲ್ಲಿ ತೇವದೊಂದಿಗೆ ಸೇರಿ ಲೋಹವನ್ನು ತಿನ್ನುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದರ ವೇಗ ಹೆಚ್ಚು. ಎಲಾಸ್ಟೊಲಿನ್ ಬೊಂಬೆಗೂ ಅದೇ ತೇವ ಶತ್ರು, ಅಲ್ಲಿ ತುಕ್ಕಿನ ರೂಪದಲ್ಲಿ. ಗಾಜು ಅಥವಾ ಪುಡಿಬಣ್ಣ ಬಳಿದ ಲೋಹದ ಕಪಾಟು, ಒಂದಿಷ್ಟು ಸಿಲಿಕಾ ಜೆಲ್, ಆಮ್ಲರಹಿತ ಕಾಗದ ಸಾಕು. ಆ ಬಿಳಿ ಪುಡಿ ವಿಷಕಾರಿ. ಕೈಗವಸು ಹಾಕಿಯೇ ಮುಟ್ಟಬೇಕು ಮತ್ತು ಮಕ್ಕಳ ಕೈಗೆ ಕೊಡಬಾರದು. ಮೌಲ್ಯಮಾಪನಕ್ಕೆ ಕಳಿಸುವವರು ಮುಖದ ಒಂದು ಫೋಟೋದ ಬದಲು ಪೀಠದ ಅಡಿ, ನೆತ್ತಿ, ಕತ್ತು ಮತ್ತು ಬೆನ್ನು ಇವುಗಳನ್ನು ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ಕಳಿಸಿದರೆ ಉಡುಪು, ಎರಕ, ಬಣ್ಣ ಮೂರರ ಕಾಲವನ್ನೂ ಬೇರೆ ಬೇರೆ ಸಾಲಿನಲ್ಲಿ ನಮೂದಿಸಲು ಸಾಧ್ಯವಾಗುತ್ತದೆ.