ಮುಂದಿನ ಬ್ರೇಕಿಗೇ ಯಾಕೆ ಜಾಸ್ತಿ ಕೆಲಸ?

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಓಡಾಡುವ ಕಾರುಗಳ ಮುಂದಿನ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತವೆ. ಹಿಂದಿನವು ಮಾತ್ರ ಗಟ್ಟಿಯಾಗಿಯೇ ಇರುತ್ತವೆ. ಗಾಡಿಯಲ್ಲೇ ಏನೋ ದೋಷ ಇದೆ ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ದೋಷವಲ್ಲ, ಗಾಡಿಯನ್ನು ಬೇಕಂತಲೇ ಹಾಗೆ ಮಾಡಿರುತ್ತಾರೆ.

ಮೊದಮೊದಲು ಎಲ್ಲ ಉಲ್ಟಾ ಇತ್ತು. ಹಳೇ ಕಾರುಗಳಿಗೆ ಬ್ರೇಕ್ ಇದ್ದದ್ದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದಿನ ಚಕ್ರ ಸ್ಟೇರಿಂಗ್ ಜೊತೆ ತಿರುಗಬೇಕು, ಅಲ್ಲಿಗೆ ಕಂಬಿ, ವೈರು ಎಳೆಯುವುದು ಕಷ್ಟ. ಅದಕ್ಕಿಂತ ದೊಡ್ಡದು ಭಯ: ಮುಂದೆ ಬ್ರೇಕ್ ಹಾಕಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಅಂತ. ನಮ್ಮ ಕಡೆ ಬೈಕ್ ಓಡಿಸುವ ಎಷ್ಟೋ ಜನ ಇವತ್ತಿಗೂ ಇದೇ ಭಯಕ್ಕೆ ಮುಂದಿನ ಬ್ರೇಕ್ ಮುಟ್ಟುವುದಿಲ್ಲ. 1909ರಲ್ಲಿ ಸ್ಕಾಟ್ಲೆಂಡಿನ ಅರೋಲ್-ಜಾನ್‌ಸ್ಟನ್ ಕಂಪನಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಕೊಟ್ಟಿತು, ಸ್ವಲ್ಪ ದಿನದಲ್ಲೇ ಕೈಬಿಟ್ಟಿತು. 1921ರ ಫ್ರೆಂಚ್ ಗ್ರ್ಯಾಂಡ್ ಪ್ರೀ ರೇಸನ್ನು ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ಗೆದ್ದಿತು. ಅದರ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್, ಅಂದರೆ ದ್ರವದ ಒತ್ತಡದಿಂದ ಹಿಡಿಯುವ ಬ್ರೇಕ್ ಇತ್ತು. 1924ರಲ್ಲಿ ಕ್ರೈಸ್ಲರ್ ಅಂಥದ್ದನ್ನೇ ಮಧ್ಯಮ ಬೆಲೆಯ ಕಾರಿಗೂ ತಂದಿತು.

ಮುಂದಿನ ಬ್ರೇಕಿನ ಬಲ ಬರುವುದು ಭಾರದಿಂದ. ಡ್ರೈವರ್ ಬ್ರೇಕ್ ಒತ್ತಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುತ್ತಾರಲ್ವಾ, ಕಾರಿನ ಭಾರವೂ ಹಾಗೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. 1000 ಕೆಜಿ ಕಾರು, ನಿಂತಾಗ ಮುಂದೆ 600, ಹಿಂದೆ 400 ಕೆಜಿ ಅಂತ ಇಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ಸುಮಾರು 175 ಕೆಜಿ ಮುಂದಕ್ಕೆ ಸರಿಯುತ್ತದೆ. ಹಿಂದೆ ಉಳಿಯುವುದು 225 ಅಷ್ಟೇ. ಭಾರ ಕಮ್ಮಿಯಾದ ಟೈರಿಗೆ ರಸ್ತೆಯ ಹಿಡಿತವೂ ಕಮ್ಮಿ. ಎತ್ತರದ ಗಾಡಿಯಲ್ಲಿ ಇನ್ನೂ ಜಾಸ್ತಿ ಸರಿಯುತ್ತದೆ. ಘಾಟಿನ ಇಳಿಜಾರಿನಲ್ಲಂತೂ ಬ್ರೇಕ್ ಮುಟ್ಟುವ ಮೊದಲೇ ಭಾರ ಮುಂದಿರುತ್ತದೆ.

ಹಾಗಾಗಿ ಹಿಂದಿನ ಬ್ರೇಕಿನ ಒತ್ತಡವನ್ನು ಬೇಕಂತಲೇ ತಗ್ಗಿಸಿರುತ್ತಾರೆ. ಮುಂದಿನ ಚಕ್ರ ಮೊದಲು ಲಾಕ್ ಆದರೆ, ಅಂದರೆ ತಿರುಗುವುದೇ ನಿಂತರೆ, ಗಾಡಿ ನೇರಕ್ಕೆ ಜಾರುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಎರಡನೆಯದು ತುಂಬಾ ಅಪಾಯ. ಮೊದಲು ಈ ಲೆಕ್ಕವನ್ನು ಒಂದು ವಾಲ್ವ್ ನೋಡಿಕೊಳ್ಳುತ್ತಿತ್ತು, ಈಗ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಜೊತೆಗಿನ ಇಬಿಡಿ (ಬ್ರೇಕಿನ ಬಲವನ್ನು ಹಿಂದೆ ಮುಂದೆ ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆ) ನೋಡಿಕೊಳ್ಳುತ್ತದೆ.

ಕೆಲಸ ಜಾಸ್ತಿ ಅಂದಮೇಲೆ ಬಿಸಿಯೂ ಜಾಸ್ತಿ. ಅಂಬಾಸಿಡರ್ ಕಾಲದಲ್ಲಿ ನಾಲ್ಕೂ ಕಡೆ ಡ್ರಮ್ (ಡಬ್ಬಿಯಂತೆ ಮುಚ್ಚಿದ ಬ್ರೇಕ್) ಇತ್ತು. ಈಗ ಬಿಸಿ ಬೇಗ ಬಿಡುವ ಡಿಸ್ಕ್ (ತೆರೆದ ತಟ್ಟೆಯಂಥ ಬ್ರೇಕ್) ಮುಂದೆ, ಎಷ್ಟೋ ಕಾರುಗಳಲ್ಲಿ ಡ್ರಮ್ ಹಿಂದೆ. ಸಾಮಾನ್ಯವಾಗಿ ಎರಡೂ ಬೀಡು ಕಬ್ಬಿಣವೇ, ನಮ್ಮ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕ ಹೊಯ್ಯುವಂಥದ್ದು. ಆದರೂ ಘಾಟಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಯಾವ ಡಿಸ್ಕೂ ತಾಳುವುದಿಲ್ಲ. ಸಣ್ಣ ಗೇರಿಗೆ ಹಾಕಿ ಇಳಿಯಬೇಕು.

ಈ ಕಥೆ ತಲುಪದ ಗಾಡಿಗಳೂ ನಮ್ಮ ರಸ್ತೆಯಲ್ಲಿವೆ. ಕಬ್ಬಿನ ಸೀಸನ್ನಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ನೋಡಿ. ಹೆಚ್ಚಿನವಕ್ಕೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಹೊಲದಲ್ಲಿ ನಿಧಾನಕ್ಕೆ ಓಡುವಾಗ ಅದು ಸಾಕು. ಆದರೆ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಚಾಲಕ ಬ್ರೇಕ್ ಒತ್ತಿದರೆ ಟನ್‌ಗಟ್ಟಲೆ ಕಬ್ಬು ಹಿಂದಿನಿಂದ ಟ್ರ್ಯಾಕ್ಟರನ್ನೇ ನೂಕುತ್ತದೆ. ಟ್ರೇಲರ್‌ಗೆ ಬ್ರೇಕ್ ಇಲ್ಲದೆ ಅದನ್ನು ಹೆದ್ದಾರಿಗೆ ಬಿಡಲೇಬಾರದು.