ಸಸ್ಪೆನ್ಷನ್: ಹಳೆಯ ಹಾಲಿವುಡ್‌ನಲ್ಲಿ ಈ ಪದಕ್ಕಿದ್ದ ಅರ್ಥ

ಸಸ್ಪೆಂಡ್ ಅಂದ ತಕ್ಷಣ ನಮಗೆ ನೆನಪಾಗುವುದು ಸರ್ಕಾರಿ ನೌಕರ. ಏನೋ ಆರೋಪ ಬಂದಿರುತ್ತದೆ, ವಿಚಾರಣೆ ನಡೆಯುತ್ತಿರುತ್ತದೆ. ಹಳೆಯ ಹಾಲಿವುಡ್‌ನಲ್ಲಿ ಸಸ್ಪೆಂಡ್ ಆಗಲು ಇಷ್ಟೆಲ್ಲ ಬೇಕಿರಲಿಲ್ಲ. ಸ್ಟುಡಿಯೋ ಕೊಟ್ಟ ಪಾತ್ರವನ್ನು 'ನಾನು ಮಾಡಲ್ಲ' ಅಂದರೆ ಸಾಕಿತ್ತು.

ಆಗ ನಟ ನಟಿಯರು ಸ್ಟುಡಿಯೋ ಜೊತೆ ಏಳು ವರ್ಷದ ಕರಾರಿಗೆ ಸಹಿ ಹಾಕುತ್ತಿದ್ದರು. ಯಾವ ಸಿನಿಮಾ, ಯಾವ ಪಾತ್ರ ಎಲ್ಲವೂ ಸ್ಟುಡಿಯೋದ ತೀರ್ಮಾನ. ಒಪ್ಪದಿದ್ದರೆ ಸಂಬಳ ಬಂದ್. ಬೇರೆ ಕಡೆ ಕೆಲಸ ಮಾಡುವ ಹಾಗೂ ಇಲ್ಲ. ನೀವು ಬಿಟ್ಟ ಪಾತ್ರವನ್ನು ಇನ್ನೊಬ್ಬರು ಮಾಡಿ ಮುಗಿಸುವವರೆಗೂ ಇದು ಎಳೆಯಬಹುದಿತ್ತು. ನಿಜವಾದ ಪೆಟ್ಟು ಬೀಳುತ್ತಿದ್ದುದು ಆಮೇಲೆ. ಸಸ್ಪೆನ್ಷನ್‌ನಲ್ಲಿ ಕಳೆದ ದಿನಗಳನ್ನೆಲ್ಲ ಕರಾರಿನ ಕೊನೆಗೆ ಸೇರಿಸುತ್ತಿದ್ದರು. ನಾಲ್ಕು ವಾರ ಮನೆಯಲ್ಲಿ ಕೂತರೆ ಬಿಡುಗಡೆ ನಾಲ್ಕು ವಾರ ಮುಂದೆ. ಎಂಥ ಅನ್ಯಾಯ ಅಲ್ವಾ?

ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಸಿಕ್ಕಿಕೊಂಡಿದ್ದು ಈ ಲೆಕ್ಕದಲ್ಲೇ. ಅವರು ವಾರ್ನರ್ ಬ್ರದರ್ಸ್‌ನ ಈ ಕರಾರಿಗೆ ಸಹಿ ಹಾಕಿದ್ದು 1936ರಲ್ಲಿ. 'ಗಾನ್ ವಿತ್ ದ ವಿಂಡ್'ನ ಮೆಲನಿ ಪಾತ್ರ ಸಿಕ್ಕಿದ್ದು ಬೇರೆ ನಿರ್ಮಾಪಕರಿಗೆ ಅವರನ್ನು ಎರವಲು ಕೊಟ್ಟಾಗ. ಸ್ವಂತ ಸ್ಟುಡಿಯೋ ಕೊಡುತ್ತಿದ್ದುದು ಜಾಸ್ತಿ ನಾಯಕನ ಪ್ರೇಯಸಿಯ ಪಾತ್ರಗಳನ್ನೇ. ಕೆಲವನ್ನು ಬೇಡ ಅಂದರು, ಸಸ್ಪೆಂಡ್ ಆದರು. 1943ರಲ್ಲಿ ಏಳು ವರ್ಷ ಮುಗಿದಾಗ ಸ್ಟುಡಿಯೋ ಇನ್ನೂ 25 ವಾರ ಬಾಕಿ ಇದೆ ಅಂದಿತು. 27 ವರ್ಷದ ನಟಿ ಕೋರ್ಟಿಗೆ ಹೋದರು. ಇದೇ ಸ್ಟುಡಿಯೋ ಎದುರು ಇನ್ನೊಬ್ಬ ನಟಿ ಬೆಟಿ ಡೇವಿಸ್ 1936ರಲ್ಲಿ ಲಂಡನ್ ಕೋರ್ಟಿನಲ್ಲಿ ಸೋತಿದ್ದರು. ಅದು ಗೊತ್ತಿದ್ದೂ ಹೋದರಲ್ಲ, ಆ ಧೈರ್ಯ ದೊಡ್ಡದು.

ಯಾರನ್ನೂ ಏಳು ವರ್ಷಕ್ಕಿಂತ ಹೆಚ್ಚು ಕಾಲ ಇಂಥ ಕರಾರಿಗೆ ಕಟ್ಟಿಹಾಕುವಂತಿಲ್ಲ ಅನ್ನುತ್ತದೆ ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನು. ಅದು ದುಡಿದ ಏಳು ವರ್ಷ ಅಂತ ಸ್ಟುಡಿಯೋ ವಾದಿಸಿತು. ಅಲ್ಲ, ಕ್ಯಾಲೆಂಡರಿನ ಏಳು ವರ್ಷ ಅಂತ 1944ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಈ ನಿಯಮಕ್ಕೆ ಇವತ್ತಿಗೂ 'ಡಿ ಹ್ಯಾವಿಲ್ಯಾಂಡ್ ಲಾ' ಅನ್ನುತ್ತಾರೆ.

ಕೇಸು ನಡೆಯುವಾಗ ಅವರಿಗೆ ಯಾರೂ ಸಿನಿಮಾ ಕೊಡಲಿಲ್ಲ. ಕೆಲಸ ಕೊಡಬೇಡಿ ಅಂತ ಉಳಿದ ಸ್ಟುಡಿಯೋಗಳಿಗೆ ವಾರ್ನರ್‌ನಿಂದ ಪತ್ರಗಳು ಹೋಗಿದ್ದವು. ಗೆದ್ದ ಮೇಲೆ ಪ್ಯಾರಾಮೌಂಟ್‌ಗೆ 'ಟು ಈಚ್ ಹಿಸ್ ಓನ್' ಮಾಡಿದರು. ಮದುವೆಯಾಗದೆ ತಾಯಿಯಾಗಿ, ಹೆತ್ತ ಮಗನನ್ನು ಬಿಟ್ಟುಕೊಡಬೇಕಾಗಿ ಬರುವ ಹೆಣ್ಣಿನ ಪಾತ್ರ. ಮೊದಲ ಆಸ್ಕರ್ ಬಂದಿದ್ದು ಅದಕ್ಕೇ.