ಹುಣಸೆಯ ಹುಳಿ, ದ್ರಾಕ್ಷಿಯ ಹುಳಿ

ಒಳ್ಳೆಯ ಸೋವಿನ್ಯೋನ್ ಬ್ಲಾಂಕ್ ವೈನಿನ ಮೊದಲ ಗುಟುಕಿಗೇ ದವಡೆಯ ಎರಡೂ ಬದಿ ನೀರೂರಬೇಕು. ಈ ಬಿಳಿ ವೈನಿನ ಜೀವ ಇರುವುದು ಹುಳಿಯಲ್ಲಿ. ಇದೇ ಹೆಸರಿನ ದ್ರಾಕ್ಷಿ ತಳಿಯ ತವರು ಫ್ರಾನ್ಸ್. ಈ ವೈನಿಗೆ ಹೆಸರಾದ, ಅಲ್ಲಿನ ಲ್ವಾರ್ ಕಣಿವೆಯ ಸಾನ್ಸೆರ್ ಊರು ಇರುವುದು 47 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇದೇ ತಳಿ ಬೆಳೆಯುವ ನಮ್ಮ ನಂದಿ ಬೆಟ್ಟದ ತಪ್ಪಲು 13 ಡಿಗ್ರಿಯಲ್ಲಿದೆ. ಇಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ.

ಹಾಗಾಗಿ ವರ್ಷಕ್ಕೆ ಎರಡು ಕಟಿಂಗ್. ಏಪ್ರಿಲ್‌ನದು ರೆಂಬೆ ಬಲಿಯಲು, ಸೆಪ್ಟೆಂಬರ್-ಅಕ್ಟೋಬರ್‌ನದು ಹಣ್ಣು ಬಿಡಲು. ಎರಡನೆಯದರಲ್ಲೇ ಲೆಕ್ಕ ತಪ್ಪುವುದು. ಬೇಗ ಕತ್ತರಿಸಿದರೆ ಹೂವು ಮಳೆಗೆ ಸಿಕ್ಕಿ, ಎಲೆಯಡಿ ಬಿಳಿ ತುಪ್ಪಟದಂತೆ ಕಾಣುವ ಡೌನಿ ರೋಗ ಗೊಂಚಲಿಗೂ ಹತ್ತುತ್ತದೆ. ತಡ ಮಾಡಿದರೆ ಹಣ್ಣು ಮಾಗುವ ಹೊತ್ತಿಗೆ ಬೇಸಿಗೆಯ ಝಳ.

ಝಳದಿಂದ ಹೋಗುವುದೇನು? ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ. ಒಂದು ಮ್ಯಾಲಿಕ್, ಹಸಿ ಸೇಬಿನ ಹುಳಿ. ಮಾಗುವ ಹಣ್ಣು ಉಸಿರಾಡುತ್ತಾ ಇದನ್ನು ಕರಗಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ. ಇನ್ನೊಂದು ಟಾರ್ಟಾರಿಕ್. ಇದು ಅಷ್ಟು ಸುಲಭವಾಗಿ ಕರಗದು. ನಮ್ಮ ಹುಣಸೆಹಣ್ಣಿನ ಹುಳಿಯೂ ಇದೇ ಟಾರ್ಟಾರಿಕ್! ತಪ್ಪಲಿನ ಭೂಮಿ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಜನವರಿ, ಫೆಬ್ರವರಿಯ ರಾತ್ರಿಗಳು ತಣ್ಣಗಿರುತ್ತವೆ. ಮ್ಯಾಲಿಕ್ ಒಂದಿಷ್ಟು ಉಳಿಯುವುದು ಆ ತಂಪಿನಿಂದ.

ಈ ತಳಿಯ ಹಸಿರು ವಾಸನೆಗೆ ಕಾರಣ ಮಿಥಾಕ್ಸಿಪೈರಜಿನ್. ದಪ್ಪ ಮೆಣಸಿನಕಾಯಿ ಕುಯ್ದಾಗ ಮೂಗಿಗೆ ಬರುವ ಘಮವೂ ಅದೇ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಗೊಂಚಲು ಪೂರಾ ನೆರಳಲ್ಲಿದ್ದರೆ ಈ ವಾಸನೆ ಅತಿಯಾಗುತ್ತದೆ. ಎಳೆಬಿಸಿಲು ಬೀಳುವ ಪೂರ್ವದ ಕಡೆ ಎಲೆ ತೆಗೆದು, ಪಡುವಣದ ಎಲೆ ಬಿಡುವುದು ಸರಿ. ಎರಡೂ ಕಡೆ ಬೋಳಿಸಿದರೆ ಕಾಯಿ ಸುಟ್ಟು ಕಂದುತ್ತದೆ.

ಕೊಯ್ಲಿನ ದಿನ ಗೊತ್ತುಮಾಡಲು ಸಕ್ಕರೆಯೊಂದನ್ನೇ ಅಳೆದರೆ ಸಾಲದು. ಸಕ್ಕರೆಯ ಅಳತೆಯಾದ ಬ್ರಿಕ್ಸ್ 21ರಿಂದ 22, ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ 3.2ರಿಂದ 3.4 ಇದ್ದಾಗ ಕಿತ್ತರೆ ಆಲ್ಕೋಹಾಲ್ ಶೇ 12ರ ಆಸುಪಾಸಿಗೆ ನಿಲ್ಲುತ್ತದೆ, ಹುಳಿಯೂ ಉಳಿಯುತ್ತದೆ. ಸಿಹಿಗಾಗಿ ಇನ್ನೊಂದು ವಾರ ಕಾದರೆ ವೈನ್ ಸಪ್ಪೆ. ಕಿತ್ತ ಹಣ್ಣು ಬಿಸಿಲೇರುವ ಮುನ್ನ ನೆರಳು ಸೇರಬೇಕು. ಬಿಸಿಯಾದ, ಜಜ್ಜಿದ ಹಣ್ಣಿನ ರಸ ಹೆಚ್ಚಿಟ್ಟ ಬದನೆಕಾಯಿಯಂತೆ ಬೇಗ ಕಪ್ಪಿಡುತ್ತದೆ. ರಸವನ್ನು ತಣ್ಣಗೆ ಒಂದು ದಿನ ತಿಳಿಯಾಗಲು ಬಿಟ್ಟು, 14ರಿಂದ 16 ಡಿಗ್ರಿಯಲ್ಲಿ ಎರಡು ಮೂರು ವಾರ ಹುದುಗಿಸುತ್ತಾರೆ. ತೊಟ್ಟಿ ಬಿಸಿಯಾದರೆ ಹೊರಡುವ ಗಾಳಿಯ ಜೊತೆ ಪರಿಮಳವೂ ಹೋಗುತ್ತದೆ.

ಇನ್ನು ಊಟ. ತಟ್ಟೆಯ ಹುಳಿ ವೈನಿನ ಹುಳಿಗಿಂತ ಕಡಿಮೆಯಿರಬೇಕು. ಗಟ್ಟಿ ಹುಣಸೆ ಗೊಜ್ಜಿನ ಮುಂದೆ ಯಾವ ಬಿಳಿ ವೈನೂ ನೀರಿನಂತಾಗುತ್ತದೆ. ಹೋಳಿಗೆಯ ಜೊತೆ ಕುಡಿದರೆ ಬರೀ ಹುಳಿಯೇ ಎದ್ದು ಕಾಣುತ್ತದೆ. ಖಾರದ ಸಾರಿಗೂ ಬೇಡ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ.

ಇದಕ್ಕೆ ಜೋಡಿ ಅವರೆಕಾಯಿ. ಚಿಕ್ಕಬಳ್ಳಾಪುರ, ಕೋಲಾರದ ಮಂದಿಗೆ ಸೊಗಡೆಂದರೆ ಏನೆಂದು ಹೇಳಿಕೊಡಬೇಕಿಲ್ಲ. ಹಿತಕಿದ ಬೇಳೆಗೆ ಉಪ್ಪು, ಶುಂಠಿ, ಒಂದೇ ಹಸಿಮೆಣಸಿನಕಾಯಿ, ಕೊತ್ತಂಬರಿ, ಹಸಿ ತೆಂಗಿನತುರಿ ಹಾಕಿ ಮಾಡಿದ ಉಸಲಿಯ ಹಸಿರಿಗೆ ವೈನಿನ ಹಸಿರು ಚೆನ್ನಾಗಿ ಕೂಡುತ್ತದೆ. ತೆಂಗಿನ ಜಿಡ್ಡನ್ನು ಹುಳಿ ತೊಳೆಯುತ್ತದೆ. ಕಡಿಮೆ ಖಾರದ ಕೆರೆಮೀನಿನ ಫ್ರೈಯೂ ಒಪ್ಪುತ್ತದೆ. ಸಾನ್ಸೆರ್‌ನವರು ಜೊತೆಗಿಟ್ಟುಕೊಳ್ಳುವ ಮೇಕೆಹಾಲಿನ ಚೀಸಿನ ಜಿಡ್ಡನ್ನೂ ಹುಳಿ ಹೀಗೆಯೇ ತೊಳೆಯುತ್ತದೆ.

ವೈನ್ 8ರಿಂದ 10 ಡಿಗ್ರಿ ಇರಲಿ: ಫ್ರಿಜ್ಜಿನಲ್ಲಿ ಎರಡು ಮೂರು ಗಂಟೆ, ಇಲ್ಲವೇ ಐಸು ಮತ್ತು ನೀರು ಬೆರೆಸಿದ ಬಕೆಟ್ಟಿನಲ್ಲಿ 20 ನಿಮಿಷ. ಲೋಟಕ್ಕೆ ಐಸು ಹಾಕಬೇಡಿ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡರೆ ಗಾಬರಿ ಬೇಡ. ಅದು ಟಾರ್ಟಾರಿಕ್ ಆಮ್ಲದ ಪೊಟ್ಯಾಸಿಯಂ ಲವಣ, ತಣ್ಣಗಾದಾಗ ಹರಳುಗಟ್ಟಿದ್ದು. ಬಾಟಲಿಯನ್ನು ನಿಧಾನವಾಗಿ ಓರೆ ಮಾಡಿ ಬಗ್ಗಿಸಿಕೊಂಡರೆ ತಳದಲ್ಲೇ ಉಳಿಯುತ್ತದೆ.